ಹತ್ತು ಇಂಚಿನ ಸ್ಕ್ರೀನು

ಆ ಮನೆಯಲ್ಲಿ ಯಾವ ಸಾಮಾನಿನ ಬೆಲೆಯನ್ನೂ ಕಿಟಕಿಯ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಬಟ್ಟೆ ಒಗೆಯುವ ಮೆಷಿನ್ನು ಬಂದಾಗ ಅದು ಆರು ಕಿಟಕಿ. ಮಗಳ ಹಲ್ಲು ಸರಿಮಾಡಿಸಿದ್ದು ಎರಡು ಕಿಟಕಿ, ಒಂದು ಬಾಗಿಲು. ಪರದೆ ಹೊಲಿದು ಬದುಕುವವರ ಮನೆ ಅದು. ಒಂದು ಕಿಟಕಿಗೆ ಪರದೆ ಹೊಲಿದು ತೂಗುಹಾಕಿದರೆ ಕೈಗೆ ಎಷ್ಟು ಉಳಿಯುತ್ತದೋ ಅದೇ ಅವರ ನಾಣ್ಯ. ಹೀಗಿರುವಾಗ ಅಳತೆಯಕ್ಕನ ಗಂಡ ಒಂದು ದಿನ ಊಟಕ್ಕೆ ಕೂತವನು, ಅಂಗಡಿಗೊಂದು ಟ್ಯಾಬ್ಲೆಟ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ್ದೇನೆ, ಹತ್ತು ಇಂಚಿನ ಸ್ಕ್ರೀನು ಇರುವಂಥದ್ದು, ಎಂದ. ಅನ್ನ ಕಲಸುತ್ತಿದ್ದ ಅತ್ತೆಯ ಕೈ ನಿಂತಿತು.

“ಹತ್ತು ಇಂಚಿನ ಸ್ಕ್ರೀನಾ? ಯಾವ ಕಿಟಕಿಗೋ ಅದು, ಇಲಿ ಬಿಲಕ್ಕಾ?”

ಪರದೆಗೆ ಸ್ಕ್ರೀನು ಎನ್ನುವುದು ಬಿಟ್ಟರೆ ಆ ಮಾತಿಗೆ ಬೇರೆ ಅರ್ಥವಿದೆಯೆಂದು ಅತ್ತೆ ಕೇಳಿದ್ದರೂ ಒಪ್ಪಿರಲಿಲ್ಲ. ಮಗಳು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಅಳತೆಯಕ್ಕನಿಗೂ ನಗು ಬಂತು. ಆದರೆ ನಕ್ಕರೆ ಭುಜ ಕುಲುಕುತ್ತದೆ, ಕುಲುಕಿದರೆ ನೋವು ಮೊಣಕೈವರೆಗೂ ಇಳಿಯುತ್ತದೆ. ಅವಳು ನಗುವನ್ನು ನುಂಗಿ ಬೇಳೆ ಬಡಿಸಿದಳು, ಎಡಗೈಯಲ್ಲಿ.

ಅಳತೆಯಕ್ಕ ಎಂದರೆ ಈ ಮನೆಯ ಸೊಸೆ. ಅದು ಹೆತ್ತವರು ಇಟ್ಟ ಹೆಸರಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯ ಹಿಂದೆ ಟೇಪು ಹಿಡಿದುಕೊಂಡು ಗಿರಾಕಿಗಳ ಮನೆಗೆ ಹೋಗುತ್ತಿದ್ದವಳು, ಅತ್ತೆಯ ಮಂಡಿ ಸೋತ ಮೇಲೆ ಒಬ್ಬಳೇ ಹೋಗತೊಡಗಿದಳು. ಬಾಗಿಲು ತಟ್ಟಿದರೆ ಒಳಗಿನಿಂದ ‘ಯಾರು’ ಎನ್ನುತ್ತಾರೆ. ಇವಳು ‘ಅಳತೆಯವಳು’ ಎನ್ನುತ್ತಾಳೆ. ಹಾಗೇ ಹೆಸರು ನಿಂತಿತು. ಅಂಗಡಿಯಲ್ಲಿ ಕತ್ತರಿಸುವುದು, ಮೆಷಿನ್ನಿನಲ್ಲಿ ಹೊಲಿಯುವುದು ಗಂಡನ ಪಾಲು. ಅಂಚು ಮಡಿಚಿ ಕೈಹೊಲಿಗೆ ಹಾಕುವುದು, ಪರದೆಯ ತಲೆಗೆ ದಪ್ಪ ಬಕ್ರಮ್ ಪಟ್ಟಿ ಕೂರಿಸಿ ನೆರಿಗೆ ಹಿಡಿದು ಸೂಜಿಯಲ್ಲಿ ಬಿಗಿಯುವುದು ಅತ್ತೆ ಸೊಸೆಯರ ಪಾಲು. ಬಕ್ರಮ್ಮಿಗೆ ಸೂಜಿ ಸುಲಭಕ್ಕೆ ಇಳಿಯುವುದಿಲ್ಲ, ಬೆರಳಿನಿಂದ ದಬ್ಬಬೇಕು. ಸೂಜಿ ಚುಚ್ಚದಂತೆ ಬೆರಳಿಗೆ ತಗಡಿನ ಟೋಪಿ ಹಾಕಿಕೊಳ್ಳುವುದು ಅತ್ತೆಗೆ ಆಗದು. ಟೋಪಿ ಹಾಕಿದರೆ ಬಟ್ಟೆಯ ಮಾತು ಬೆರಳಿಗೆ ಕೇಳಿಸುವುದಿಲ್ಲ ಎಂದು ಸೊಸೆಗೂ ಬರಿಬೆರಳಿನಲ್ಲೇ ಕಲಿಸಿದ್ದರು.

ಇನ್ನು ಅಳತೆಗೆ ಹೋಗುವಾಗ ಅವಳು ಹೊರುತ್ತಿದ್ದ ಬ್ಯಾಗು. ಅದರೊಳಗೆ ಸ್ಯಾಂಪಲ್ ಪುಸ್ತಕಗಳಿದ್ದವು. ಓದುವ ಪುಸ್ತಕವಲ್ಲ, ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಹಲಗೆಯಂಥ ರಟ್ಟಿಗೆ ಹೊಡೆದದ್ದು. ರೇಷ್ಮೆ ಹೊಳಪಿನದೊಂದು, ಹತ್ತಿಯದೊಂದು, ಬಿಸಿಲು ತಡೆಯುವ ದಪ್ಪನೆಯದೊಂದು, ಬಲೆಯಂಥ ತೆಳುವಿನದೊಂದು. ಎಲ್ಲವೂ ಅಳತೆಯಕ್ಕನ ಬಲಭುಜದ ಮೇಲೆ. ಲಿಫ್ಟು ಇರುವ ಕಟ್ಟಡದವರು ದೊಡ್ಡ ಅಂಗಡಿಗೆ ಹೋಗುತ್ತಾರೆ. ಇವರ ಗಿರಾಕಿಗಳೆಲ್ಲ ಮೆಟ್ಟಿಲು ಹತ್ತಿ ಮನೆ ಸೇರುವ ಜನ. ಡಾಕ್ಟರು ಭುಜ ಒತ್ತಿ ನೋಡಿ, ಇನ್ನು ಭಾರ ಹೊರಬೇಡಿ ಎಂದಿದ್ದರು. ಹೇಳುವವರಿಗೇನು, ಹೇಳಿ ಮುಂದಿನವರನ್ನು ಕರೆದರು.

ಆದ್ದರಿಂದ ಗಂಡನ ಯೋಚನೆ ಕೇಳಿ ಅವಳಿಗೆ ನಿಜಕ್ಕೂ ಸಂತೋಷವಾಯಿತು. ಬಟ್ಟೆಗಳ ಫೋಟೋ ಎಲ್ಲ ಟ್ಯಾಬ್ಲೆಟ್ಟಿಗೆ ಹಾಕಿಕೊಂಡರೆ ಬ್ಯಾಗು ಬೇಡ. ಗಿರಾಕಿ ಒಪ್ಪಿದ ಬಟ್ಟೆಯ ಮೇಲೆ ಬೆರಳಿಟ್ಟರೆ ಆರ್ಡರು ನೇರ ಅಂಗಡಿಯಲ್ಲಿರುವ ಗಂಡನ ಫೋನಿಗೇ ಬರುತ್ತದೆ. ಅವಳಿಗೆ ಬೇಕಾದದ್ದು ಎರಡೇ: ಬ್ಯಾಗು ಇಳಿಯಬೇಕು, ಹೋಗುವುದು ನಿಲ್ಲಬಾರದು. ಹೋಗುವುದು ಎಂದರೆ ಅವಳಿಗೆ ಬರಿಯ ಕೆಲಸವಲ್ಲ. ಆ ಮನೆಗಳಲ್ಲಿ ಜನ ಅವಳನ್ನು ಕೂರಿಸಿ ನೀರು ಕೊಡುತ್ತಾರೆ, “ನೀವೇ ಹೇಳಿ, ಈ ಗೋಡೆಗೆ ಯಾವ ಬಣ್ಣ ಒಪ್ಪುತ್ತೆ?” ಎಂದು ಕೇಳುತ್ತಾರೆ. ನೀವೇ ಹೇಳಿ ಎನ್ನುವ ಮಾತನ್ನು ಅವಳು ಕೇಳುತ್ತಿದ್ದುದು ಪರರ ಮನೆಯಲ್ಲಿ ಮಾತ್ರ.

ಆದರೆ ಗಂಡ ಅಳೆದೂ ಸುರಿದೂ ಕೊಳ್ಳುವ ಜಾತಿ. ಆ ದಿನದಿಂದ ಊಟದ ತಟ್ಟೆಯ ಪಕ್ಕದಲ್ಲಿ ಫೋನು ನೀರಿನ ಲೋಟಕ್ಕೆ ಒರಗಿ ನಿಂತಿತು. ಯಾರೋ ಒಬ್ಬ ಹುಡುಗ ಅದರೊಳಗೆ ಟ್ಯಾಬ್ಲೆಟ್ಟುಗಳನ್ನು ತಿರುಗಿಸಿ ಮಗುಚಿ ತೋರಿಸುತ್ತ ಒಂದೇ ಉಸಿರಿಗೆ ಮಾತಾಡುತ್ತಿದ್ದ. ಯಾವುದರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಯಾವುದು ಬಿಸಿಲಲ್ಲಿ ಕಾಣುತ್ತದೆ, ಯಾವುದಕ್ಕೆ ಕೀಬೋರ್ಡು ಸಿಕ್ಕಿಸಬಹುದು, ಯಾವುದಕ್ಕೆ ಸಿಮ್ ಹಾಕಬಹುದು, ಎಲ್ಲವೂ ಗಂಡನ ನಾಲಿಗೆಯ ತುದಿಗೆ ಬಂತು. ತೂಕವಂತೂ ಗ್ರಾಮಿನಲ್ಲಿ ಹೇಳುತ್ತಿದ್ದ. ಇದಕ್ಕಿಂತ ಅದು ಮೂವತ್ತು ಗ್ರಾಂ ಹಗುರ, ಕೈಯಲ್ಲಿ ಹಿಡಿದು ನಿಲ್ಲುವವರಿಗೆ ಅದು ದೊಡ್ಡ ವ್ಯತ್ಯಾಸ, ಎಂದು ಕಾಳಜಿಯಿಂದಲೇ ಹೇಳುತ್ತಿದ್ದ.

ಮಗಳು ಕಣ್ಣಿನ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ದಿನವಿಡೀ ಟ್ಯಾಬ್ಲೆಟ್ಟಿನ ಮೇಲೇ ಅವಳ ಬೆರಳು. ಹಾಗಾಗಿ ಅಪ್ಪನ ಮಾತಿಗೆಲ್ಲ ಅವಳದೊಂದು ಎದುರು ಮಾತು ಇರುತ್ತಿತ್ತು.

“ಅಗ್ಗದ್ದು ತಗೊಂಡ್ರೆ ವರ್ಷ ತುಂಬೋದ್ರೊಳಗೆ ತೆವಳೋಕೆ ಶುರು ಮಾಡುತ್ತೆ ಅಪ್ಪ. ನಮ್ಮಲ್ಲಿ ಅಂಥದ್ದೇ ಒಂದಿದೆ. ಒಂದು ಹೆಸರು ಹೊಡೆಯೋಷ್ಟರಲ್ಲಿ ಇದ್ದ ಕಣ್ಣೂ ಹೋಗಿರುತ್ತೆ ಪಾಪ, ಬಂದವರದ್ದು.”

“ದುಬಾರಿದು ಬಿದ್ದು ಒಡೆದ್ರೆ? ಅದು ಹೋಗೋದು ಮೆಟ್ಟಿಲ ಮೇಲೆ. ನಿನ್ನ ಕೌಂಟರ್ ಮೇಲಲ್ಲ.”

“ಹಾಗಾದ್ರೆ ಮಧ್ಯದ್ದು ತಗೊ.”

“ಮಧ್ಯದ್ದು ಅಂದ್ರೆ ಅದರಲ್ಲೂ ನಾಲ್ಕಿದೆಯಲ್ಲ.”

ಬಿಲ್ಲನ್ನೂ ಅದರಲ್ಲೇ ಹೊಡೆಯಬಹುದು, ಲೆಕ್ಕವನ್ನೂ ಅದೇ ಇಡುತ್ತದೆ, ಗಿರಾಕಿಯ ಕಿಟಕಿಯ ಫೋಟೋಕ್ಕೆ ಪರದೆ ತೊಡಿಸಿ ತೋರಿಸುತ್ತದಂತೆ, ಎಂದು ಗಂಡ ಒಂದೊಂದೇ ಗುಣಗಾನ ಮಾಡುತ್ತಿದ್ದರೆ ಅತ್ತೆ ಪಾತ್ರೆ ತೊಳೆಯುತ್ತದೆಯೇ ಎಂದು ವಿಚಾರಿಸಿದರು. ತೊಳೆಯುವುದಿಲ್ಲ ಎಂದು ತಿಳಿದ ಮೇಲೆ ತಮ್ಮ ತಟ್ಟೆ ಎತ್ತಿಕೊಂಡು ಎದ್ದರು.

ಒಂದು ವಾರ ಹೀಗೇ ಹೋಯಿತು, ಇನ್ನೊಂದೂ ಹೋಯಿತು. ಅಳತೆಯಕ್ಕ ಬ್ಯಾಗು ಹೊತ್ತು ಹೋಗುವುದು, ಬರುವುದು ನಡೆದೇ ಇತ್ತು. ಮೇಲಿನ ಹಲಗೆಯಿಂದ ಪಾತ್ರೆ ತೆಗೆಯುವುದು ಆಗುತ್ತಿರಲಿಲ್ಲ. ಪಾತ್ರೆಗಳು ಒಂದೊಂದಾಗಿ ಕೆಳಗಿಳಿದು ಒಲೆಯ ಪಕ್ಕದಲ್ಲೇ ಕೂತವು. ಬಟ್ಟೆ ಒಣಹಾಕಲು ತಂತಿಗೆ ಕೈ ಎಟಕುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಅತ್ತೆ ಸೋತ ಮಂಡಿಯಲ್ಲೇ ಸ್ಟೂಲು ಎಳೆದುಕೊಂಡು ಬಟ್ಟೆ ಹರವುತ್ತಿದ್ದರು. ಇಳಿಯಿರಿ ಎಂದರೆ, ಸುಮ್ಮನಿರು, ಬಿಸಿಲು ಕಾಯಿಸುತ್ತಿದ್ದೇನೆ, ಎಂದು ಗದರಿದರು. ಗಂಡನಿಗಾಗಲಿ ಮಗಳಿಗಾಗಲಿ ಇದು ಕಣ್ಣಿಗೆ ಬೀಳಲಿಲ್ಲ. ಒಣಗಿದ ಬಟ್ಟೆ ಮಡಿಸಿ ಇಟ್ಟಲ್ಲಿ ಸಿಗುತ್ತಿತ್ತಲ್ಲ.

ಅವಳು ಒಮ್ಮೆ ಅಡುಗೆಮನೆಯಿಂದಲೇ ಹೇಳಿದಳು. “ಯಾವುದಾದ್ರೂ ಒಂದು ತಗೊಂಡುಬಿಡಿ ರೀ.”

“ಯಾವುದಾದ್ರೂ ಒಂದು ಅಂತ ಮದುವೆ ಬೇಕಾದ್ರೆ ಆಗಬಹುದು. ಬಿಸಿನೆಸ್ಸಿಗೆ ಸಾಮಾನು ತಗೊಳ್ಳೋಕಾಗಲ್ಲ.”

“ಮದುವೆಗೂ ಇವನು ಹಾಗೇ ಮಾಡಿದ್ದು,” ಅತ್ತೆ ಮೂಲೆಯಿಂದ ಹೇಳಿದರು. “ಹುಡುಗಿ ನೋಡಿ ನೋಡಿ ಚಪ್ಪಲಿ ಸವೆದದ್ದು ಮಾತ್ರ ನಂದು.”

ರಜೆಯ ದಿನ ಅಪ್ಪ ಮಗಳು ಇಬ್ಬರೂ ಟ್ಯಾಬ್ಲೆಟ್ ಮಾರುವ ಅಂಗಡಿಗೆ ಹೋಗಿ ನೋಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಅಳತೆಯಕ್ಕನಿಗೂ ಹೋಗುವ ಆಸೆ ಇತ್ತು. ಆದರೆ ಅಂದು ಹೊಸ ಮನೆಯೊಂದರ ಅಳತೆ ಇತ್ತು. ಅಲ್ಲದೆ, ನೀನು ಬಂದು ಏನು ಮಾಡುತ್ತೀಯ, ನಮಗೆ ಗೊತ್ತಾಗುತ್ತದೆ, ಎಂದು ಗಂಡ ಹೇಳಿಬಿಟ್ಟ. ಅವರು ಮಧ್ಯಾಹ್ನವೆಲ್ಲ ಅಲ್ಲಿದ್ದು, ಇದ್ದ ಟ್ಯಾಬ್ಲೆಟ್ಟುಗಳನ್ನೆಲ್ಲ ಒತ್ತಿ, ಉಜ್ಜಿ, ಎತ್ತಿ, ಇಳಿಸಿ ಬರಿಗೈಯಲ್ಲಿ ಬಂದರು. ಹೊಸ ಮಾಡೆಲ್ಲು ಬರುವುದರಲ್ಲಿದೆ, ಬಂದರೆ ಹಳೆಯದರ ಬೆಲೆ ಒಂದು ಕಿಟಕಿ ಇಳಿಯುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ.

ಅದೇ ವಾರ ಬ್ಯಾಗು ಬಿತ್ತು. ಮೂರನೆಯ ಮಹಡಿಗೆ ಹತ್ತುವಾಗ ಕೈ ಇದ್ದಕ್ಕಿದ್ದಂತೆ ಸತ್ತ ಹಾಗಾಗಿ ಪಟ್ಟಿ ಭುಜದಿಂದ ಜಾರಿತು. ಪುಸ್ತಕಗಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಡಿದುಕೊಳ್ಳುತ್ತ ಕೆಳಗಿಳಿದವು. ಅಳತೆಯಕ್ಕ ಅಲ್ಲೇ ಕೂತಳು. ಅಳು ಬಂತು. ಯಾರಾದರೂ ಬಂದಾರೆಂದು ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದೊಂದೇ ಪುಸ್ತಕ ಎತ್ತಿಕೊಂಡು ಮತ್ತೆ ಹತ್ತಿದಳು. ಸಂಜೆ ಮನೆಯಲ್ಲಿ ಹೇಳಿದಾಗ ಗಂಡ ಫೋನಿನಿಂದ ತಲೆ ಎತ್ತಿದ.

“ಬಟ್ಟೆ ಏನಾದ್ರೂ ಕೊಳೆ ಆಯ್ತಾ?”

ಅತ್ತೆ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು.

“ನೋಡಪ್ಪಾ, ನಾಳೆ ಸಂಜೆಯೊಳಗೆ ಆ ಹಲಗೆ ಮನೆಗೆ ಬರಬೇಕು. ಬರಲಿಲ್ಲ ಅಂದ್ರೆ ನಾನು ಸೂಜಿ ಮುಟ್ಟಲ್ಲ. ನೀನೇ ಹೆಮ್ಮಿಂಗ್ ಮಾಡ್ಕೊ.”

ಮರುದಿನ ಹಲಗೆ ಬಂತು. ನಾಲ್ಕು ಮಧ್ಯದವುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು, ಐದು ಕಿಟಕಿ ಬೆಲೆ. ಮೆಟ್ಟಿಲ ಮೇಲೆ ಬಿದ್ದರೂ ಒಡೆಯಬಾರದೆಂದು ಗಂಡ ಅದರ ಮೇಲೆ ಇದ್ದುದರಲ್ಲೇ ದಪ್ಪನೆಯ ಗಾಜು ಅಂಟಿಸಿಕೊಂಡು ಬಂದಿದ್ದ. ಮಗಳು ಬಿಸಿಲಿಗೆ ಬಟ್ಟೆ ಹರವಿ ಒಂದೊಂದರ ಫೋಟೋ ತೆಗೆದು ಹೆಸರು ಕೊಟ್ಟಳು. ಅತ್ತೆ ಉಳಿದ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದು, ನಿಮ್ಮ ಸ್ಕ್ರೀನಿಗೆ ಒಂದು ಸ್ಕ್ರೀನು, ಎಂದು ಕೊಟ್ಟರು. ಅಂದು ಊಟಕ್ಕೆ ಮೊಟ್ಟೆ ಬೇಯಿಸಿದ್ದರು, ಎಲ್ಲರೂ ಎರಡೆರಡು ತಿಂದರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಯಾರೂ ಯಾರಿಗೂ ಕೊಂಕು ಆಡದೆ ಊಟ ಮುಗಿಯಿತು.

ಮಾರನೆಯ ದಿನ ಅಳತೆಯಕ್ಕನ ಪಾಠ ಶುರುವಾಯಿತು. ಇಲ್ಲಿ ಒತ್ತು, ಎಂದಳು ಮಗಳು. ಒತ್ತಿದಳು. ಏನೂ ಆಗಲಿಲ್ಲ. ಮೆಲ್ಲಗೆ ಮುಟ್ಟು ಸಾಕು, ಎಂದಳು. ಮೆಲ್ಲಗೆ ಮುಟ್ಟಿದರೂ ಏನೂ ಆಗಲಿಲ್ಲ. ಮಗಳು ಅದೇ ಜಾಗ ಮುಟ್ಟಿದರೆ ಬಟ್ಟೆಗಳ ಸಾಲು ಹೂವಿನಂತೆ ತೆರೆದುಕೊಳ್ಳುತ್ತಿತ್ತು. ಗಂಡ ಮುಟ್ಟಿದರೂ ತೆರೆಯುತ್ತಿತ್ತು. ಇವಳು ಮುಟ್ಟಿದರೆ ಒಂದು ಸಲ ಸುಮ್ಮನಿರುತ್ತಿತ್ತು. ಜೋರಾಗಿ ಒತ್ತಿ ಎಳೆದರೆ ಎಲ್ಲಿಗೋ ಹಾರಿಹೋಗುತ್ತಿತ್ತು. ದಿನವೂ ಸಂಜೆ ಇದೇ ಆಯಿತು. ಮಗಳು ಆಸ್ಪತ್ರೆಯಿಂದ ದಣಿದು ಬರುತ್ತಿದ್ದಳು, ಅವಳ ತಾಳ್ಮೆಗೂ ಒಂದು ಅಳತೆ ಇತ್ತು.

“ಎಷ್ಟು ಸಲ ಹೇಳೋದಮ್ಮ? ಎಂಬತ್ತು ವರ್ಷದವರು ಬಂದು ನಮ್ಮ ಕೌಂಟರಿನಲ್ಲಿ ಒತ್ತುತ್ತಾರೆ. ನೀನು ನೋಡಿದ್ರೆ ಒಳ್ಳೆ ಹೆಬ್ಬೆಟ್ಟಿನ ಥರ ಆಡ್ತೀಯ.”

ಹೆಬ್ಬೆಟ್ಟು ಎಂದರೆ ಸಹಿ ಮಾಡಲು ಬಾರದವರಿಗೆ ಜನ ಹೇಳುವ ಮಾತು. ಅಳತೆಯಕ್ಕ ಓದು ಬಲ್ಲವಳು. ಅವಳ ಅಕ್ಷರ ನೋಡಿ ಗಿರಾಕಿಗಳು ಮುತ್ತು ಪೋಣಿಸಿದ ಹಾಗಿದೆ ಎನ್ನುತ್ತಿದ್ದರು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಬುದ್ಧಿ ಮಂದವಾಗುತ್ತಿದೆಯೇನೋ ಎಂಬ ಭಯವೂ ಆಯಿತು.

ಆ ಭಯದಲ್ಲೇ, ಯಾವುದಕ್ಕೂ ಇರಲೆಂದು ಬ್ಯಾಗನ್ನೂ ಹೊತ್ತುಕೊಂಡು, ಗಿರಾಕಿಯ ಮನೆಗೆ ಹೋದಳು. ಆ ಮನೆಯಾಕೆ ದೊಡ್ಡ ಕೋಣೆಯ ಕಿಟಕಿಗಳಿಗೆಲ್ಲ ಬಾದಾಮಿ ಬಣ್ಣ ಒಪ್ಪಿದರು. ಅಳತೆಯಕ್ಕ ಬಾದಾಮಿಯ ಮೇಲೆ ಬೆರಳಿಟ್ಟಳು. ಅದು ಒಪ್ಪಲಿಲ್ಲ. ಮತ್ತೆ ಇಟ್ಟಳು. ಮನೆಯಾಕೆ ಕಾಯುತ್ತ ನಿಂತಿದ್ದರು, ಕಾಯುವವರ ಮುಖ ನೋಡುತ್ತ ಇವಳ ಬೆರಳು ಇನ್ನಷ್ಟು ಒಣಗಿತು. ಕೊನೆಗೆ ಬಲವಾಗಿ ಒತ್ತಿದಳು, ಪುಟ ಸರಕ್ಕೆಂದಿತು, ಟಿಂಗೆಂದು ಸದ್ದಾಯಿತು. ಆಯಿತಲ್ಲ ಎಂದು ನಿಟ್ಟುಸಿರುಬಿಟ್ಟು ಹೊರಟುಬಂದಳು. ಹೋಗಿದ್ದು ಬಾದಾಮಿಯ ಪಕ್ಕದ ಬೂದು ಬಣ್ಣ. ಅಂಗಡಿಯಲ್ಲಿ ಗಂಡ ಟ್ಯಾಬ್ಲೆಟ್ಟಿನ ಮಾತು ಕಣ್ಣಿಗೊತ್ತಿಕೊಂಡು ಅಷ್ಟೂ ಬಟ್ಟೆಯನ್ನು ಕತ್ತರಿಸಿ ಹಾಕಿದ.

ಅಂದು ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಗಂಡ ಅನ್ನದ ಮೇಲೆ ಬೇಳೆ ಹಾಕಿಸಿಕೊಳ್ಳುತ್ತ ಸಮಾಧಾನವಾಗಿಯೇ ಹೇಳಿದ.

“ತಿಂಗಳ ಕೊನೆಯಿಂದ ಇವಳು ಆಸ್ಪತ್ರೆ ಮುಗಿಸಿ ಅಳತೆಗೆ ಹೋಗಿಬರಲಿ. ಈಗಿನವರಿಗೆ ಇದೆಲ್ಲ ಬೇಗ ಕೈಗೆ ಬರುತ್ತೆ. ನೀನು ಅಂಗಡೀಲಿ ಕೂತು ಇಸ್ತ್ರಿ ನೋಡ್ಕೊ. ನಿನ್ನ ಭುಜಕ್ಕೂ ಒಳ್ಳೇದು.”

“ಇಸ್ತ್ರಿ ಭುಜಕ್ಕೆ ಒಳ್ಳೇದಾ?” ಎಂದು ಅತ್ತೆ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಮಗಳು ತನಗೆ ಎರಡೆರಡು ಕೆಲಸ ಆಗುವುದಿಲ್ಲವೆಂದು ಎದ್ದುಹೋದಳು. ಅಳತೆಯಕ್ಕ ತಟ್ಟೆಯಲ್ಲಿ ಉಳಿದ ಅನ್ನವನ್ನು ಒಂದು ಕಡೆಗೆ ಒತ್ತರಿಸುತ್ತ ಕೂತಳು. ಬ್ಯಾಗು ಇಳಿಯಿತು, ಸರಿ. ಅದರ ಜೊತೆಗೆ ಕಿಟಕಿಗಳೂ ಹೋದವು. ‘ನೀವೇ ಹೇಳಿ’ ಎನ್ನುವವರೂ ಹೋದರು. ಇನ್ನು ಉಳಿದದ್ದು ಅಂಗಡಿಯ ಹಿಂದಿನ ಕತ್ತಲೆಕೋಣೆ, ಇಸ್ತ್ರಿಯ ಹಬೆ. ಇಷ್ಟು ವರ್ಷ ನಡೆದದ್ದು ಇಲ್ಲಿಗೆ ಬರಲಿಕ್ಕಾಗಿಯೇ ಎಂದು ಅನಿಸಿ ಅವಳಿಗೆ ತುಂಬ ಸುಸ್ತಾಯಿತು.

ಗುಟ್ಟು ರಟ್ಟು ಮಾಡಿದ್ದು ಅತ್ತೆ, ಅದೂ ಕುಚೋದ್ಯಕ್ಕೆ ಹೋಗಿ. ಎಲ್ಲರೂ ಬೈದಾಡಿಕೊಳ್ಳುವ ಆ ವಸ್ತುವನ್ನು ತಾವೂ ಒಂದು ಕೈ ನೋಡುವುದೆಂದು ಒಂದು ಬೆಳಿಗ್ಗೆ ಚೀಲದಿಂದ ಹೊರಗೆ ತೆಗೆದರು. ಮೊಮ್ಮಗಳು ಚಹಾ ಕುಡಿಯುತ್ತ ಪಕ್ಕದಲ್ಲೇ ಇದ್ದಳು. ಅತ್ತೆ ತೋರುಬೆರಳಿನಿಂದ ಮುಟ್ಟಿದರು. ಏನೂ ಆಗಲಿಲ್ಲ. ಹೆಬ್ಬೆರಳಿನಿಂದ ಮುಟ್ಟಿದರು. ಏನೂ ಆಗಲಿಲ್ಲ.

“ನಾನಿನ್ನೂ ಬದುಕಿದೀನಲ್ವೇನೇ?” ಅತ್ತೆ ಮೊಮ್ಮಗಳನ್ನು ಕೇಳಿದರು. “ಇದರ ಪ್ರಕಾರ ಇಲ್ಲಿ ಯಾರೂ ಇಲ್ಲ.”

ಮಗಳು ಲೋಟ ಕೆಳಗಿಟ್ಟಳು. ಅಜ್ಜಿಯ ಕೈ ಹಿಡಿದು ಬೆರಳ ತುದಿ ಸವರಿ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ತರಕಾರಿ ಹೆಚ್ಚುತ್ತಿದ್ದ ಅಮ್ಮನ ಕೈಯಿಂದ ಚಾಕು ತೆಗೆದಿಟ್ಟು, ಆ ಬೆರಳನ್ನೂ ಸವರಿದಳು. ಬಕ್ರಮ್ಮಿನ ಮೇಲೆ ಸೂಜಿ ದಬ್ಬಿ ದಬ್ಬಿ ಬೆರಳ ತುದಿ ಗುಂಡಿಯ ಹಾಗೆ ಗಟ್ಟಿಯಾಗಿತ್ತು. ಚರ್ಮದ ಮೇಲೆ ಚುಚ್ಚಿದ ಸಣ್ಣ ಸಣ್ಣ ಗುರುತು. ಗೆರೆಗಳೇ ಇರಲಿಲ್ಲ. ಅಷ್ಟು ದಪ್ಪ ಚರ್ಮ, ಅದರ ಮೇಲೆ ಅಪ್ಪ ಅಂಟಿಸಿದ ದಪ್ಪ ಗಾಜು. ಟ್ಯಾಬ್ಲೆಟ್ಟಿಗೆ ಅದು ಬೆರಳೆಂದೇ ತಿಳಿಯುತ್ತಿರಲಿಲ್ಲ.

“ಅಮ್ಮ, ನಿನಗೆ ಬರಲ್ಲ ಅಂತಲ್ಲ. ಅದಕ್ಕೆ ನಿನ್ನ ಬೆರಳು ಗೊತ್ತಾಗ್ತಿಲ್ಲ,” ಎಂದಳು ಮಗಳು. ಹೆಬ್ಬೆಟ್ಟು ಎಂದದ್ದು ನೆನಪಾಗಿ ಅವಳ ಕಣ್ಣು ತುಂಬಿತು. ಆ ಕೈ ಬಿಡದೆ ಸ್ವಲ್ಪ ಹೊತ್ತು ನಿಂತೇ ಇದ್ದಳು, ಆಸ್ಪತ್ರೆಗೆ ತಡವಾಗುವವರೆಗೆ.

ಅತ್ತೆಗೂ ವಿಷಯ ತಿಳಿಯಿತು. ಮಧ್ಯಾಹ್ನ ಅಂಚು ಹೊಲಿಯುತ್ತ ಕೂತಾಗ, ಆವತ್ತು ಬೆರಳಿಗೆ ಟೋಪಿ ಹಾಕಿಕೊ ಅಂತ ಹೇಳಬೇಕಿತ್ತು ನಾನು, ಎಂದಷ್ಟೇ ಹೇಳಿದರು. ಅಳತೆಯಕ್ಕ, ಹೋಗಲಿ ಬಿಡಿ ಅತ್ತೆ, ಎಂದಳು. ಇಬ್ಬರೂ ಬರಿಬೆರಳಿನಲ್ಲೇ ಹೊಲಿದರು.

ಗಂಡನಿಗೆ ಹೇಳಿದರೆ ಅವನು ಬೆರಳು ಮುಟ್ಟಿ ನೋಡಲಿಲ್ಲ, ಫೋನು ಎತ್ತಿಕೊಂಡ. ಟ್ಯಾಬ್ಲೆಟ್ಟನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವನು ಹೇಳಿದ. ಗಾಜು ಕಿತ್ತರೆ ಒಡೆದಾಗ ಯಾರು ಜವಾಬ್ದಾರಿ ಎಂದು ಗಂಡ ಹೇಳಿದ. ರಾತ್ರಿಯ ಊಟದ ಹೊತ್ತಿಗೆ ಅವನ ಮುಖದಲ್ಲಿ ಮತ್ತೆ ಕಳೆ ಬಂದಿತ್ತು.

“ಇದಕ್ಕೇ ಅಂತ ಪೆನ್ನು ಬರುತ್ತಂತೆ. ಬೆರಳೇ ಬೇಡ. ಕಂಪನಿ ಪೆನ್ನೂ ಇದೆ, ಬೇರೆದೂ ಇದೆ. ಯಾವುದು ಬಾಳಿಕೆ ಬರುತ್ತೆ ಅಂತ ನೋಡಬೇಕು. ಅವಸರ ಬೇಡ.”

ಫೋನು ಲೋಟಕ್ಕೆ ಒರಗಿ ನಿಂತಿತು. ಅದೇ ಹುಡುಗ ಕಾಣಿಸಿಕೊಂಡು ಈಗ ಪೆನ್ನುಗಳನ್ನು ತಿರುಗಿಸತೊಡಗಿದ. ಅಳತೆಯಕ್ಕನಿಗೆ ಸಾಕುಸಾಕಾಯಿತು. ಮೇಜಿನ ಮೇಲಿದ್ದ ಟ್ಯಾಬ್ಲೆಟ್ಟನ್ನು ತಟ್ಟೆಯ ದಾರಿಯಿಂದ ಆಚೆ ಸರಿಸೋಣವೆಂದರೆ ಬೆರಳಿಗೆಲ್ಲ ಅನ್ನ ಮೆತ್ತಿತ್ತು. ಎಡಗೈಯಲ್ಲಿ ಸೌಟು. ಅವಳು ಬೆರಳು ಮಡಿಸಿ ಗೆಣ್ಣಿನಿಂದ ಅದನ್ನು ದಬ್ಬಿದಳು.

ಟ್ಯಾಬ್ಲೆಟ್ಟು ತೆರೆದುಕೊಂಡಿತು. ಬಟ್ಟೆಗಳು ಸಾಲಾಗಿ ಒಂದರ ಹಿಂದೊಂದು ಬಂದು ನಿಂತವು.

ಅವಳು ಸೌಟು ಇಟ್ಟಳು. ಮತ್ತೆ ಗೆಣ್ಣಿನಿಂದ ಮುಟ್ಟಿದಳು. ಬಾದಾಮಿ ಬಂತು. ಪಕ್ಕಕ್ಕೆ ತಳ್ಳಿದಳು, ಬೂದು ಬಂತು. ತಟ್ಟಿದರೆ ಸಾಕು, ಬಾಗಿಲು ತಟ್ಟಿದ ಹಾಗೆ. ಗೆಣ್ಣಿನ ಮೇಲೆ ಸೂಜಿಯ ಕೆಲಸ ಇರಲಿಲ್ಲ, ಅಲ್ಲಿಯ ಚರ್ಮ ಇನ್ನೂ ಮೆತ್ತಗೆ ಉಳಿದಿತ್ತು. ಅತ್ತೆಯೂ ಬಾಗಿ ತಮ್ಮ ಗೆಣ್ಣಿನಿಂದ ಒಮ್ಮೆ ತಟ್ಟಿ, ಸದ್ಯ ಬದುಕಿದ್ದೇನೆ, ಎಂದರು.

“ಗಿರಾಕಿಗಳ ಮುಂದೆ ಹಾಗೆ ಕುಟ್ಟಬೇಡ,” ಎಂದ ಗಂಡ. “ನೋಡೋಕೆ ಚೆನ್ನಾಗಿರಲ್ಲ.”

“ನೋಡೋರು ಬಟ್ಟೆ ನೋಡ್ತಾರೆ. ನಾಳೆ ಅಳತೆಗೆ ನಾನೇ ಹೋಗ್ತೀನಿ,” ಎಂದಳು ಅಳತೆಯಕ್ಕ.

ಮರುದಿನ ಚೀಲದಲ್ಲಿ ಟ್ಯಾಬ್ಲೆಟ್ಟೊಂದನ್ನೇ ಇಟ್ಟುಕೊಂಡು ಹೊರಟಳು. ಭುಜದ ಮೇಲೆ ಏನೂ ಇಲ್ಲದೆ ನಡೆಯುವುದು ಮರೆತೇಹೋಗಿತ್ತು. ನಡುನಡುವೆ ಕೈ ತಾನಾಗಿ ಪಟ್ಟಿ ಸರಿಮಾಡಲು ಹೋಗುತ್ತಿತ್ತು. ಮೆಟ್ಟಿಲನ್ನು ನಡುವೆ ಎಲ್ಲೂ ನಿಲ್ಲದೆ ಹತ್ತಿದಳು. ವಯಸ್ಸಾದ ಗಂಡ ಹೆಂಡತಿ ಇದ್ದ ಮನೆ. ಅವಳು ಗೆಣ್ಣಿನಿಂದ ತಟ್ಟಿ ತಟ್ಟಿ ಬಣ್ಣಗಳನ್ನು ತೋರಿಸಿದಳು. ಅವರಿಗೆ ನೀಲಿ ಹಿಡಿಸಿತು. ಅಜ್ಜ ಮುಂದಕ್ಕೆ ಬಾಗಿ ಗಾಜನ್ನು ಎರಡು ಬೆರಳಿನಲ್ಲಿ ಹೊಸಕಿ ನೋಡಿದರು.

“ಬಣ್ಣ ಆಯ್ತಮ್ಮ. ಬಟ್ಟೆ ಎಲ್ಲಿ? ಮುಟ್ಟಿ ನೋಡದೆ ಹೇಗೆ ಹೇಳೋದು?”

ಅವರು ಹೇಳಿದ್ದು ನ್ಯಾಯವಾಗಿತ್ತು. ತಾನಾದರೂ ಮುಟ್ಟದೆ ಬಟ್ಟೆ ಕೊಳ್ಳುತ್ತಿದ್ದಳೇ? ನಾಳೆ ತರುತ್ತೇನೆ ಎಂದು ಕಿಟಕಿಯ ಅಳತೆ ಮಾತ್ರ ಹಿಡಿದುಕೊಂಡು ಮೆಟ್ಟಿಲಿಳಿದಳು.

ಇಷ್ಟು ವಾರ ಯಾವುದರ ಸ್ಕ್ರೀನು ಹೊಳೆಯುತ್ತದೆ, ಯಾವುದು ಬೇಗ ಓಡುತ್ತದೆ ಎಂದು ಅಳೆದ ಮನೆಯಲ್ಲಿ ಗಿರಾಕಿ ಬಟ್ಟೆ ಮುಟ್ಟುತ್ತಾನೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಪರದೆ ಮಾರಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ನಗೆಪಾಟಲು ಇನ್ನೇನು ಬೇಕು. ಗಂಡ ಕೇಳಿ, ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ.

“ಹಾಗಾದ್ರೆ ಎರಡೂ ತಗೊಂಡು ಹೋಗು. ಬಣ್ಣಕ್ಕೆ ಇದು, ಮುಟ್ಟೋಕೆ ಅದು. ಟ್ಯಾಬ್ಲೆಟ್ ಹೇಗೂ ಹಗುರ, ಗೊತ್ತೇ ಆಗಲ್ಲ.”

ಅತ್ತೆ ಮಗನ ಮುಖ ನೋಡಿದರು. ಮಗಳು ಅಮ್ಮನ ಮುಖ ನೋಡಿದಳು. ಅಳತೆಯಕ್ಕ ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಸಿಟ್ಟೇನೂ ಇಲ್ಲದೆ ಹೇಳಿದಳು. ಸಿಟ್ಟು ಮಾಡಲು ಬೇಕಾದ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

“ಟ್ಯಾಬ್ಲೆಟ್ ನಾನು ತಗೊಂಡು ಹೋಗ್ತೀನಿ. ಬ್ಯಾಗು ನೀವು ತನ್ನಿ.”

“ನಾನು ಬಂದ್ರೆ ಅಂಗಡಿ?”

“ಅಂಗಡಿ ನಾನು ನೋಡ್ಕೋತೀನಿ,” ಎಂದರು ಅತ್ತೆ. “ಮಂಡಿ ಹೋಗಿದೆ, ಬಾಯಿ ಹೋಗಿಲ್ಲ.”

ಮರುದಿನ ಇಬ್ಬರೂ ಹೊರಟರು. ಗಂಡ ಬ್ಯಾಗನ್ನು ಬಲಭುಜಕ್ಕೆ ಹಾಕಿಕೊಂಡು ಬೀದಿಯುದ್ದಕ್ಕೂ ಪೆನ್ನಿನ ವಿಷಯ ಮಾತಾಡಿದ. ಮೊದಲ ಮಹಡಿಯವರೆಗೂ ಮಾತಾಡಿದ. ಎರಡನೆಯದಕ್ಕೆ ಮಾತು ನಿಂತಿತು. ತಿರುವಿನಲ್ಲಿ ಬ್ಯಾಗನ್ನು ಕೆಳಗಿಟ್ಟು ಗೋಡೆಗೆ ಒರಗಿದ. ಅಂಗಿಯ ಮೇಲೆ ಪಟ್ಟಿಯ ಗುರುತು ಬೆವರಿನಲ್ಲಿ ಮೂಡಿತ್ತು.

“ಎಷ್ಟಿದೆಯೇ ಇದು ತೂಕ?”

“ನೀವೇ ಹೇಳಿ,” ಎಂದಳು ಅವಳು. “ಗ್ರಾಂ ಲೆಕ್ಕ ನಿಮ್ಮದಲ್ವಾ?”

ಅವನು ಬ್ಯಾಗಿನ ಕಡೆ ನೋಡಿದ. ಆಮೇಲೆ ಅವಳ ಬಲಭುಜದ ಕಡೆ ನೋಡಿದ, ಇದುವರೆಗೆ ಅದು ಅಲ್ಲಿರಲೇ ಇಲ್ಲವೇನೋ ಎಂಬಂತೆ. ಬಗ್ಗಿ ಬ್ಯಾಗನ್ನು ಎತ್ತಿ ಎಡಭುಜಕ್ಕೆ ಹಾಕಿಕೊಂಡ. ಅವಳು ಮುಂದೆ, ಅವನು ಹಿಂದೆ, ಇಬ್ಬರೂ ಮೇಲೆ ಬಂದರು.

ಅಳತೆಯಕ್ಕ ಬೆರಳು ಮಡಿಸಿ ಗೆಣ್ಣಿನಿಂದ ಬಾಗಿಲು ತಟ್ಟಿದಳು.

“ಯಾರು?” ಎಂದಿತು ಒಳಗಿನ ದನಿ.

ಬೆನ್ನ ಹಿಂದೆ ಗಂಡ ಏದುಸಿರುಬಿಡುತ್ತಿದ್ದುದು ಕೇಳಿಸುತ್ತಿತ್ತು. ಅವಳು ‘ಅಳತೆಯವಳು’ ಎಂಬ ಎಂದಿನ ಮಾತನ್ನು ಆಡಲು ಬಾಯಿ ತೆರೆದು ಒಂದು ಗಳಿಗೆ ತಡೆದಳು.

“ಅಳತೆಯವರು,” ಎಂದಳು.